ಆಯಮ್ಮ ಒರೆಸಿದ ಮರಿ

ಮೃಗಾಲಯದಲ್ಲಿ ಎಲ್ಲರೂ ಅವಳನ್ನು ಆಯಮ್ಮ ಎಂದೇ ಕರೆಯುತ್ತಿದ್ದರು. ಹೆರಿಗೆ ಆಸ್ಪತ್ರೆಯಲ್ಲಿ ಅರ್ಧ ಆಯಸ್ಸು ಸವೆಸಿ, ಅದು ಮುಚ್ಚಿದ ಮೇಲೆ ಬೆಟ್ಟದ ಕಾಡುಮೇಕೆಗಳನ್ನು ನೋಡಿಕೊಳ್ಳಲು ಬಂದವಳು. ಕೆಲಸ ಬದಲಾದರೂ ಬಾಯಿ ಹೆರಿಗೆ ವಾರ್ಡಿನದೇ. ಕೊಂಬಿಗೆ ಕೊಂಬು ತಾಗಿಸಿ ನಿಂತ ಹೋತಗಳನ್ನು ಕಂಡರೆ, "ಹೊರಗೆ ನಡೀರಪ್ಪಾ, ಗಂಡಸರಿಗೆ ಇಲ್ಲೇನು ಕೆಲಸ?" ಎಂದು ಗದರುತ್ತಿದ್ದಳು. ಬೆದೆಯ ಕಾಲ ಮುಗಿದರೆ ಹೋತಗಳು ತಾವಾಗಿಯೇ ಬೇರೆ ಗುಂಪು ಕಟ್ಟಿಕೊಳ್ಳುತ್ತವೆ. ತನ್ನ ಬಾಯಿಗೆ ಹೆದರಿ ಹೋದವೆಂದೇ ಇವಳ ನಂಬಿಕೆ.

ಒಂದು ಬೆಳಿಗ್ಗೆ ಚೊಚ್ಚಲ ಬಸುರಿಯೊಂದು ಗುಂಪು ಬಿಟ್ಟು ಬಂಡೆಯ ಸಂದಿಯಲ್ಲಿ ಮರಿ ಹಾಕಿತು. ಹೆರುವಾಗ ಒಂಟಿಯಾಗಿರುವುದು ಇವುಗಳ ರೂಢಿ. ಆಯಮ್ಮನಿಗೂ ಒಂದು ರೂಢಿಯಿತ್ತಲ್ಲ! ನುಗ್ಗಿ ಹೋಗಿ, ಮರಿಯನ್ನೆತ್ತಿ, ತಲೆಯಿಂದ ಗೊರಸಿನವರೆಗೆ ಚೊಕ್ಕಟವಾಗಿ ಒರೆಸಿ, "ತಗೋ ತಾಯಿ, ಗಂಡು ಮಗು" ಎಂದು ಮುಂದಿಟ್ಟಳು. ತಾಯಿ ಮೂಸಿತು. ಮತ್ತೆ ಮೂಸಿತು. ಆಮೇಲೆ ಹಣೆಯಿಂದ ಮರಿಯನ್ನು ಗುದ್ದಿ ಆಚೆ ಉರುಳಿಸಿತು.

"ಏನ್ ಮಾಡಿಬಿಟ್ರಿ ಆಯಮ್ಮ!" ಮೃಗಾಲಯದ ಡಾಕ್ಟರು ತಲೆಗೆ ಕೈ ಹಚ್ಚಿಕೊಂಡರು. "ಅದು ನೆಕ್ಕಿ ನೆಕ್ಕಿನೇ ತನ್ನ ಮರಿ ಅಂತ ಗುರುತು ಹಿಡಿಯೋದು. ನೀವು ಆ ವಾಸನೇನೇ ಒರೆಸಿಬಿಟ್ಟಿದ್ದೀರಿ."

ಆ ವಾಸನೆಯನ್ನು ಮರಳಿ ಹಚ್ಚೋಣವೆಂದರೆ, ಒರೆಸಿದ ಬಟ್ಟೆ ಅಷ್ಟರಲ್ಲಿ ಸೋಪಿನ ನೀರಲ್ಲಿ ನೆನೆಯುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇಲ್ಲಿ ಹೆತ್ತವಳಿಗೆ ಹೆತ್ತದ್ದು ಯಾವುದೆಂದೇ ತಿಳಿಯಲಿಲ್ಲ. ಆಯಮ್ಮ ಅಂದು ಊಟ ಮಾಡಲಿಲ್ಲ. ಒಂದು ಮಗುವಿಗೆ ತಾಯಿಯನ್ನು ತಪ್ಪಿಸಿದೆನಲ್ಲ ಎಂಬ ಸಂಕಟ ಅವಳನ್ನು ಕಿತ್ತು ತಿನ್ನುತ್ತಿತ್ತು.

ಮರಿ ಬಾಟಲಿ ಹಾಲು ಕುಡಿದು ಚೆನ್ನಾಗಿಯೇ ಬೆಳೆಯಿತು. ಆದರೆ ಇವಳ ಬೆನ್ನು ಬಿಡದು. ಮೇವಿನ ಕೋಣೆಗೆ ಹೋದರೆ ಅಲ್ಲಿಗೆ, ನಲ್ಲಿಗೆ ಹೋದರೆ ಅಲ್ಲಿಗೆ. ಉಳಿದ ಮರಿಗಳು ಹುಟ್ಟಿದ ಮರುದಿನವೇ ತಾಯಂದಿರ ಹಿಂದೆ ಬಂಡೆ ಹತ್ತಿದ್ದವು. ಇದರ ತಾಯಿಗೆ ಮಂಡಿನೋವು!

"ಹಾಲು ಬಿಡೋದ್ರೊಳಗೆ ಗುಂಪು ಸೇರ್ಲಿಲ್ಲ ಅಂದ್ರೆ, ಸಾಯೋವರೆಗೂ ಒಂಟಿ ಬೋನೇ ಗತಿ," ಎಂದರು ಡಾಕ್ಟರು.

ಮರಿಗೆ ತಾನೇ ಬಂಡೆ ಹತ್ತುವುದನ್ನು ಕಲಿಸುತ್ತೇನೆಂದು ಆಯಮ್ಮ ಮನೆಯಲ್ಲಿ ಹೇಳಿದಾಗ ಅವಳ ಮಗಳು ನಕ್ಕಳು, ಆಮೇಲೆ ಬೈದಳು: "ಮನೆ ಮೆಟ್ಟಿಲು ಹತ್ತೋಕೇ ಏದುಸಿರು ಬಿಡ್ತೀಯ, ಬಂಡೆ ಹತ್ತುತೀಯಾ ಅಮ್ಮಾ?"

ಆಯಮ್ಮ ಹತ್ತಿದಳು, ದಿನಾ, ಅಂಬೆಗಾಲಲ್ಲಿ, ಬಂಡೆಗೂ ತನ್ನ ಮಂಡಿಗೂ ಶಾಪ ಹಾಕುತ್ತ. ಮರಿ ಹಿಂದೆಯೇ ಬಂತು. ಇವಳು ಜಾರಿದಲ್ಲಿ ಅದು ಜಾರಲಿಲ್ಲ. ಅದರ ಗೊರಸಿನ ಅಂಚು ಗಟ್ಟಿ, ನಡುವೆ ಮೆತ್ತೆ. ಬೆರಳಗಲದ ಕಲ್ಲನ್ನೂ ಕಚ್ಚಿ ಹಿಡಿಯುತ್ತದೆ. ಕ್ರಮೇಣ ಅದು ಇವಳನ್ನೇ ದಾಟಿ ಮುಂದೆ ಹೋಗತೊಡಗಿತು. ಮೇಲಿನ ಚಾಚುಬಂಡೆಯಲ್ಲಿ ಉಳಿದ ಮರಿಗಳೊಂದಿಗೆ ತಲೆಗೆ ತಲೆ ಕೊಟ್ಟು ಗುದ್ದಾಡಿತು, ಗುದ್ದಿಸಿಕೊಂಡಿತು.

ಒಂದು ಸಂಜೆ ಅದು ಇಳಿದು ಬರಲೇ ಇಲ್ಲ. ಬಂಡೆಯ ತುದಿಯಲ್ಲಿ, ಹೆಣ್ಣು ಮೇಕೆಗಳ ನಡುವೆ ಕಾಲು ಮಡಚಿ ಕೂತುಬಿಟ್ಟಿತ್ತು. ಆಯಮ್ಮ ಹಾಲಿನ ಬಾಟಲಿ ಹಿಡಿದು ಕೆಳಗೆ ನಿಂತೇ ಇದ್ದಳು. ಸಂತೋಷವೂ ಆಗಿತ್ತು, ಹೊಟ್ಟೆಯೂ ಉರಿಯುತ್ತಿತ್ತು.

"ಒಂದ್ಸಲ ಕೂಗಿ ನೋಡಿ ಆಯಮ್ಮ," ಎಂದರು ಡಾಕ್ಟರು.

"ಬೇಡ ಸಾರ್. ಕೂಗಿದ್ರೆ ಬಂದುಬಿಡುತ್ತೆ."