ಗೆಳತಿಯ ಪೈಥಾನ್

ವರ್ಷಗಟ್ಟಲೆ ಜಾವಾದಲ್ಲೇ ಪ್ರೋಗ್ರಾಂ ಬರೆದು ಕೈ ಪಳಗಿದ್ದ ನಾನು ನಲವತ್ತು ದಾಟಿದ ಮೇಲೆ ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಂ ಭಾಷೆ ಕಲಿಯಲು ಕೂತದ್ದು ಆಸೆಯಿಂದಲ್ಲ. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ನಾನೂ ನನ್ನ ಗೆಳತಿಯೂ ಸೇರಿ ಚಿಕ್ಕ ಸಾಫ್ಟ್‌ವೇರ್ ಆಫೀಸು ನಡೆಸುತ್ತಿದ್ದೆವು. ಶಾಲೆಗಳ ಕೆಲಸ ನನ್ನದು, ಕ್ಲಿನಿಕ್‌ಗಳದ್ದು ಅವಳದು. ಅವಳು ಬರೆಯುತ್ತಿದ್ದುದೆಲ್ಲ ಪೈಥಾನ್‌ನಲ್ಲಿ. ಕ್ಯಾನ್ಸರ್ ಎಂದು ಗೊತ್ತಾಗಿ ಹರಿಹರದ ತವರುಮನೆಗೆ ಹೊರಟಾಗ, "ನನ್ನ ಕೆಲಸ ನೀ ಕಲಿತುಬಿಡು, ಹೇಳಿಕೊಡ್ತೀನಿ" ಎಂದಳು.

"ಆರಾಮಾಗಿ ಬಂದು ನೀನೇ ಮಾಡು" ಎಂದೆ.

ಭಾನುವಾರಗಳಂದು ಲ್ಯಾಪ್‌ಟಾಪ್ ಹಿಡಿದು ಹರಿಹರದ ಬಸ್ಸು ಹತ್ತುತ್ತಿದ್ದೆ. ಕೋಡನ್ನು ಗುಂಪು ಕಟ್ಟಿಡುವ ಕ್ಲಾಸು, ಆಬ್ಜೆಕ್ಟು ಜಾವಾದಲ್ಲೂ ಇವೆ, ಪೈಥಾನ್‌ನಲ್ಲೂ ಇವೆ, ಇನ್ನೇನು ಕಷ್ಟ ಎಂದುಕೊಂಡಿದ್ದೆ. ಆದರೆ ಕೈ ಕೇಳಬೇಕಲ್ಲ. ಸಾಲಿನ ಕೊನೆಗೆ ಜಾವಾಕ್ಕೆ ಬೇಕಾದ, ಪೈಥಾನ್‌ಗೆ ಬೇಡದ ಸೆಮಿಕೋಲನ್ ತಾನಾಗಿ ಬೀಳುತ್ತಿತ್ತು. ಜಾವಾದಲ್ಲಿ ಕ್ಲಾಸಿನೊಳಗಿನದನ್ನು ಹೊರಗಿನ ಕೋಡ್ ಮುಟ್ಟದಂತೆ ಕಟ್ಟುನಿಟ್ಟು ಮಾಡಬಹುದು. ಪೈಥಾನ್‌ನಲ್ಲಿ ಹೆಸರಿನ ಮುಂದೆ, ಮುಟ್ಟಬೇಡಿ ಎಂಬ ಗುರುತಿಗೆ, ಒಂದು ಅಡಿಗೆರೆ, ಅಷ್ಟೇ.

"ಯಾರಾದ್ರೂ ಕೈ ಹಾಕಿದ್ರೆ?" ಎಂದೆ.

"ಬ್ಯಾಡ ಅಂತ ಹೇಳೈತಲ್ಲ. ತಿಳಿದೋರು ಹಾಕಲ್ಲ."

ರೋಗಿಗಳಿಗೆ ಅಪಾಯಿಂಟ್‌ಮೆಂಟ್ ನೆನಪಿಸುವ ಪ್ರೋಗ್ರಾಂ ಒಂದನ್ನು ನಾನೇ ಬರೆದು ಒಯ್ದೆ. ಅವಳು ದಿಂಬಿಗೆ ಒರಗಿ ಓದಿ ನಕ್ಕಳು. "ಪೈಥಾನ್ ಸೀರೆ ಉಟ್ಟಿರೋ ಜಾವಾ ಕಣೆ ಇದು." ನಗು ಕೆಮ್ಮಾಯಿತು. ಆದರೂ ಬಿಡದೆ, ನನ್ನ ಉದ್ದನೆಯ ಕ್ಲಾಸನ್ನು ಒಡೆಸಿ ನಾಲ್ಕಾರು ಸಾಲಿಗೆ ಇಳಿಸಿದಳು.

ಅವಳ ತಾಯಿ ಬಾಗಿಲಲ್ಲಿ ನಿಂತು, "ಸಾಕು ಬಿಡ್ರವ್ವ, ಸ್ವಲ್ಪ ಮಲಗ್ಲಿ" ಎಂದರು.

"ತಡಿಯವ್ವ, ಇದೊಂದು ಆಗ್ಲಿ" ಎಂದಳು. ಆ ಅವಸರ ಯಾಕೆಂದು ಆಗ ನನಗೆ ಹೊಳೆಯಿತು. ಕಣ್ಣೆತ್ತದೆ ಅವಳು ಹೇಳಿದ್ದನ್ನೆಲ್ಲ ಟೈಪ್ ಮಾಡಿದೆ.

ಮಳೆಗಾಲ ಶುರುವಾಗುವ ಮೊದಲೇ ಹೋಗಿಬಿಟ್ಟಳು.

ಕೆಲವು ವಾರಗಳಾದ ಮೇಲೆ ಒಂದು ಕ್ಲಿನಿಕ್‌ನ ರಿಸೆಪ್ಷನ್ ಹುಡುಗಿ ಆಫೀಸಿಗೆ ಫೋನ್ ಮಾಡಿದಳು. "ಮೇಡಂ, ಸ್ಕ್ರೀನಿನ ಕೆಳಗೆ ಸಹಾಯಕ್ಕೆ ಅಂತ ಬರೋ ನಂಬರಿಗೆ ಹಚ್ಚಿದ್ರೆ ಸ್ವಿಚ್ ಆಫ್ ಅಂತ ಬರ್ತೈತ್ರಿ. ಬದಲಿ ಮಾಡಿಕೊಡ್ರಿ."

ಅದು ನನ್ನ ಗೆಳತಿಯ ನಂಬರು. ಅವಳ ಕೋಡ್‌ನಲ್ಲಿ ಆ ಸಾಲು ಹುಡುಕುವುದು ಕಷ್ಟವಾಗಲಿಲ್ಲ, ಅಷ್ಟು ಅಚ್ಚುಕಟ್ಟಾಗಿ ಬರೆದಿಟ್ಟಿದ್ದಳು. ಅಳಿಸಿ ನನ್ನ ನಂಬರು ಹಾಕಿದೆ. "ಈಗ ಸರಿ ಆತ್ರಿ" ಎಂದಳು ಹುಡುಗಿ. ಫೋನ್ ಇಟ್ಟು, ಆಫೀಸಿನ ಬಾಗಿಲು ಮುಂದೆ ಮಾಡಿಕೊಂಡು ಅತ್ತೆ.

ಈಗ ಪೈಥಾನ್ ನನಗೆ ಸಲೀಸು. ಕ್ಲಿನಿಕ್‌ನವರು ಏನಾದರೂ ಹೊಸತು ಕೇಳುತ್ತಲೇ ಇರುತ್ತಾರೆ. ಮಾಡಿಕೊಟ್ಟಾಗಲೆಲ್ಲ ಅವಳು ಬರೆದ ಒಂದೆರಡು ಸಾಲು ಅಳಿದುಹೋಗುತ್ತವೆ. ಅಳಿಸದೆ ಕೆಲಸ ಸಾಗುವುದಿಲ್ಲ.