ಗಾಯದ ದಿಕ್ಕು

ಅಕ್ಕನ ತೊಡೆಯ ಮೇಲಿನ ಗಾಯವನ್ನು ನಾನು ಕಣ್ಣಾರೆ ನೋಡಿದ್ದೇನೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ನೋಡಿದ್ದೇನೆ ಎಂದೇ ಬಹಳ ಕಾಲ ನಂಬಿದ್ದೆ. ಮಣಿಪಾಲದ ವಾರ್ಡಿನಲ್ಲಿ ನರ್ಸ್ ಬ್ಯಾಂಡೇಜ್ ಬಿಚ್ಚುತ್ತಿದ್ದಾಳೆ, ನಾನು ಕಿಟಕಿಯ ಪಕ್ಕ ನಿಂತಿದ್ದೇನೆ, ತೊಡೆಗೆ ಅಡ್ಡವಾಗಿ, ಸೀರೆಯ ಅಂಚಿನ ಹಾಗೆ, ಒಂದು ಕೆಂಪು ಗೆರೆ.

ಆ ಅಡ್ಡಗೆರೆಯ ಅರ್ಥ ನನಗೆ ಗೊತ್ತಿತ್ತು. ನಾನು ವೈದ್ಯನಲ್ಲ, ಸಂಖ್ಯಾಶಾಸ್ತ್ರ ಕಲಿಸುವವ. ಅಕ್ಕನಿಗೆ ರೋಗ ಕಾಣಿಸಿಕೊಂಡದ್ದಕ್ಕೆ ಹಿಂದಿನ ವರ್ಷ, ಅಪರೂಪದ ಕ್ಯಾನ್ಸರ್‌ಗಳ ಬಗ್ಗೆ ತಾಲೂಕುಗಳ ವೈದ್ಯರಿಗೆ ಮಣಿಪಾಲದಲ್ಲಿ ಎರಡು ದಿನದ ತರಬೇತಿ ನಡೆದಿತ್ತು. ಅದರಿಂದ ಪ್ರಯೋಜನವಾಯಿತೇ ಎಂದು ಅಳೆಯುವ ಕೆಲಸ ನನ್ನದು. ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲವನ್ನೂ ಕೇಳಿದ್ದೆ. ತೊಡೆಯ ಆಳದಲ್ಲಿ ಗಂಟು ಸಿಕ್ಕರೆ ಕೊಬ್ಬಿನ ಗಂಟೆಂದು ಪೂರ್ತಿ ಕಿತ್ತು ತೆಗೆಯಬೇಡಿ, ಮೊದಲು ಸ್ಕ್ಯಾನ್ ಮಾಡಿಸಿ. ಪರೀಕ್ಷೆಗೆ ಚೂರು ತೆಗೆಯಲೇಬೇಕಾದರೆ ಕಾಲಿನ ಉದ್ದಕ್ಕೆ ಕೊಯ್ಯಿರಿ. ಅಡ್ಡ ಕೊಯ್ದರೆ ರೋಗ ಅಕ್ಕಪಕ್ಕಕ್ಕೆ ತಗಲಿ ಮುಂದಿನ ಶಸ್ತ್ರಕ್ರಿಯೆಯೇ ಕೆಡುತ್ತದೆ. ಕೊನೆಯಲ್ಲಿ ನಾನು ಪ್ರಶ್ನೆ ಕೊಟ್ಟೆ. ಹೆಚ್ಚಿನವರು ಸರಿಯಾಗಿಯೇ ಬರೆದರು. ನನಗೆ ನಂಬಿಕೆ ಬರಲಿಲ್ಲ. ಪೆನ್ನು ಹಿಡಿದಾಗ ಮಾತು ಕೇಳುವ ಕೈ ಚಾಕು ಹಿಡಿದಾಗಲೂ ಕೇಳೀತೇ?

ಕಾರ್ಕಳದಲ್ಲಿ ಅಕ್ಕನನ್ನು ಮೊದಲು ನೋಡಿ, ಪರೀಕ್ಷೆಗೆ ಚೂರು ತೆಗೆದು, ಅವಳನ್ನು ಮಣಿಪಾಲಕ್ಕೆ ಕಳಿಸಿದ ಸರ್ಜನ್ ಆ ಎರಡು ದಿನವೂ ಅಲ್ಲಿದ್ದವರು. ವಾರ್ಡಿನಲ್ಲಿ ಅಕ್ಕ ಅದನ್ನೇ ಹಿಡಿದು ನನ್ನನ್ನು ಕೆಣಕಿದ್ದಳು.

"ನೀನು ಡಾಕ್ಟ್ರುಗಳಿಗೇ ಮಾರ್ಕು ಹಾಕುವವ ಅಲ್ವಾ? ನನ್ನ ಡಾಕ್ಟ್ರಿಗೆ ಎಷ್ಟು ಹಾಕಿದ್ದಿ?"

"ಅದು ಹೇಳ್ಲಿಕ್ಕಿಲ್ಲ."

"ಫೇಲ್ ಮಾಡ್ಬೇಡ ಮಾರಾಯ. ಪಾಪದವರು. ಸೂಜಿ ಚುಚ್ಚುವಾಗ ನನಗಿಂತ ಹೆಚ್ಚು ಹೆದರಿದ್ದು ಅವರೇ."

ನಗುತ್ತಾ ಅವಳಿಗೆ ಕೆಮ್ಮು ಬಂತು. ಶಸ್ತ್ರಕ್ರಿಯೆಯಾಗಿ ಕಾಲು ಉಳಿಯಿತು. ರೋಗ ಅಷ್ಟರಲ್ಲಿ ಶ್ವಾಸಕೋಶ ಸೇರಿತ್ತು. ಮಳೆಗಾಲ ಮುಗಿಯುವ ಮೊದಲೇ ಅಕ್ಕ ಹೋದಳು. ಉತ್ತರಕ್ರಿಯೆಯ ದಿನ, ಬೊಜ್ಜದ ಊಟಕ್ಕೆ, ಕಾರ್ಕಳದ ಆ ಸರ್ಜನ್ ಬಂದು ಭಾವನ ಪಕ್ಕದ ಎಲೆಗೇ ಕುಳಿತರು. ನಾನು ಮನಸ್ಸಿನಲ್ಲಿ ಅವರಿಗೆ ಸೊನ್ನೆ ಹಾಕಿಯಾಗಿತ್ತು.

ತರಬೇತಿಯಲ್ಲಿ ಕಲಿತದ್ದು ಎಷ್ಟು ಉಳಿದಿದೆ ಎಂದು ನೋಡಲು ಆಮೇಲೆ ವೈದ್ಯರನ್ನು ಅವರವರ ಊರಿನಲ್ಲೇ ಭೇಟಿಯಾಗುವುದಿತ್ತು. ಕಾಪುವಿನಲ್ಲಿ ಹಿರಿಯ ವೈದ್ಯರೊಬ್ಬರು ರೋಗಿಗಳೆಲ್ಲ ಹೋದ ಮೇಲೆ ನನ್ನನ್ನು ಒಳಗೆ ಕರೆದರು. ಏನು ನೆನಪಿದೆ ಎಂದು ಕೇಳಿದೆ.

"ನಿಜ ಹೇಳ್ಬೇಕಾ? ಮಧ್ಯಾಹ್ನದ ಕೋರಿರೊಟ್ಟಿ. ಅದು ತಿಂದು ಅರ್ಧ ಜನ ನಿದ್ರೆ. ನೀವೂ ತೂಕಡಿಸ್ತಿದ್ದಿರಿ, ನಾನು ನೋಡಿದ್ದೇನೆ."

"ಅದು ಬಿಟ್ಟು?"

"ಹೀಗೆ ಮಾಡ್ಬೇಡಿ ಅಂತ ಮತ್ತೆ ಮತ್ತೆ ತೋರಿಸಿದ ಫೋಟೋ ಉಂಟಲ್ಲ. ಹೆಂಗಸಿನ ತೊಡೆ, ಅಡ್ಡಕ್ಕೆ ಕೆಂಪು ಗೆರೆ. ಸೀರೆಯ ಅಂಚಿನ ಹಾಗೆ ಅಂತ ಕಲಿಸುವವರು ಹೇಳಿದ್ದು. ಅದು ಮಾತ್ರ ತಲೆಯಿಂದ ಹೋಗುದಿಲ್ಲ ಮಾರಾಯ್ರೆ."

ಸೀರೆಯ ಅಂಚು ನನ್ನದೇ ಹೋಲಿಕೆ ಎಂದುಕೊಂಡಿದ್ದೆ. ಅಕ್ಕನ ಮಂಚದ ಪಕ್ಕ ಕಿಟಕಿಯಾದರೂ ಇತ್ತೇ?

ಅಲ್ಲಿಂದ ನೇರ ಕಾರ್ಕಳಕ್ಕೆ ಹೋದೆ. ಮಣಿಪಾಲಕ್ಕೆ ಹೊರಡುವ ತನಕ ಆ ಗಾಯ ತೊಳೆದು ಬಟ್ಟೆ ಕಟ್ಟಿದವರು ಭಾವ. ಇಷ್ಟು ದಿನ ಅವರನ್ನು ಕೇಳದೆ ಇದ್ದದ್ದೇಕೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅದು ಅಡ್ಡವೇ ಆಗಿರಲಿ ಎಂದು ಆಸೆಯಿತ್ತೋ ಏನೋ. ಅಡ್ಡವಾಗಿದ್ದರೆ ಸಿಟ್ಟಿಗೆ ಒಂದು ವಿಳಾಸವಾದರೂ ಇರುತ್ತಿತ್ತು. ಉದ್ದವಾಗಿದ್ದರೆ, ಕಲಿಸಿದವರು ಸರಿಯಾಗಿ ಕಲಿಸಿದ್ದರು, ಕಲಿತವರು ಸರಿಯಾಗಿ ಕಲಿತಿದ್ದರು, ಅಕ್ಕ ಮಾತ್ರ ಇಲ್ಲ.

ಭಾವ ಅಡುಗೆಮನೆಯಲ್ಲಿ ಬಸಳೆ ತೊಳೆಯುತ್ತಿದ್ದರು.

"ಈಗ ಎಂತಕ್ಕೆ ಅದೆಲ್ಲ?" ಅಂದರು. ಆಮೇಲೆ ಕುಳಿತು, ಒದ್ದೆ ಬೆರಳನ್ನು ತಮ್ಮ ಲುಂಗಿಯ ಮೇಲಿಟ್ಟು, ತೊಡೆಯಿಂದ ಮೊಣಕಾಲಿನ ಕಡೆಗೆ ತುಸು ಎಳೆದರು. ಆ ನೀರಿನ ಗೆರೆ ಆರುವ ತನಕ ಇಬ್ಬರೂ ಅದನ್ನೇ ನೋಡಿದೆವು.

"ಇಷ್ಟೇ ಸಣ್ಣದು. ನೀನು ನೋಡ್ಲೇ ಇಲ್ಲ. ಗಾಯದ ಬಟ್ಟೆ ಬಿಚ್ಚುವಾಗ ಯಾವಾಗಲೂ ಹೊರಗೆ ಹೋಗ್ತಿದ್ದಿ."

ಒಬ್ಬರ ಮಾತಿಗೆ ನಿಲ್ಲುವ ಸ್ವಭಾವ ನನ್ನದಲ್ಲ. ಕೆಲವು ದಿನ ಬಿಟ್ಟು, ಅಕ್ಕನಿಗೆ ಶಸ್ತ್ರಕ್ರಿಯೆ ಮಾಡಿದ ಮಣಿಪಾಲದ ವೈದ್ಯೆಯನ್ನೂ ಕೇಳಿದೆ. ಕಾರ್ಕಳದ ಗಾಯ ಕಾಲಿನ ಉದ್ದಕ್ಕೇ ಇತ್ತು.