ಮೊದಲು ಹೇಳು, ಆಮೇಲೆ ಬಿಚ್ಚು

ಗಿಳಿ ಅನ್ನೋದು ಅಪ್ಪ ಮುದ್ದಿಗೆ ಕರೆದ ಹೆಸರು. ಅದರಲ್ಲಿ ಕುಹಕವೂ ಇರಬಹುದು ಅಂತ ಪಾಪ ಆ ಮನುಷ್ಯನಿಗೆ ಕನಸಲ್ಲೂ ಹೊಳೆದಿರಲಿಲ್ಲ. ಪುಸ್ತಕ ಕೈಗೆ ಸಿಕ್ಕರೆ ಸಾಕು, ಹುಡುಗಿ ಮಾರನೇ ದಿನ ಪಾಠಕ್ಕೆ ಪಾಠವನ್ನೇ ಗಡಗಡ ಒಪ್ಪಿಸಿಬಿಡುತ್ತಿದ್ದಳು. ಎಲ್ಲಿ ಅಲ್ಪವಿರಾಮವೋ ಅಲ್ಲಿ ಅರ್ಧ ಉಸಿರು, ಎಲ್ಲಿ ಪೂರ್ಣವಿರಾಮವೋ ಅಲ್ಲಿ ಪೂರ್ತಿ ಉಸಿರು.

ಅಪ್ಪ ಬಸ್ ಕಂಡಕ್ಟರು. ಸಂಜೆ ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳೆದು, ಗೋಡೆಗೊರಗಿ ಕೂತು, ಮಗಳ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಕೊಳ್ಳುತ್ತಿದ್ದ. ಅವಳು ಒಪ್ಪಿಸಬೇಕು, ಇವನು ಸಾಲಿನ ಕೆಳಗೆ ಬೆರಳು ಓಡಿಸಬೇಕು. ಒಂದು ಪದ ಹೆಚ್ಚುಕಮ್ಮಿ ಆದರೆ "ಮೊದಲಿಂದ" ಅನ್ನುತ್ತಿದ್ದ. ನಗಬೇಡಿ. ಓದು ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದವನು ಅವನು. ಮಗಳ ಓದಿಗೆ ತಾನೂ ಹೆಗಲು ಕೊಡಬೇಕು ಅಂತ ಆಸೆ, ಹೇಗೆ ಕೊಡಬೇಕು ಅಂತ ಹೇಳಿಕೊಟ್ಟವರಿಲ್ಲ. ಇಡೀ ದಿನ ನಿಂತು ನಿಂತು ಸತ್ತುಹೋದ ಕಾಲುಗಳನ್ನು ಚಾಚಿಕೊಂಡು ಕೂತು ಅರ್ಥವಾಗದ ಪಾಠವನ್ನು ಬೆರಳಲ್ಲಿ ಹಿಂಬಾಲಿಸುವುದಕ್ಕೆ ಪ್ರೀತಿ ಅನ್ನದೆ ಇನ್ನೇನು ಅನ್ನೋಣ?

ಗಿಳಿ ವರ್ಷವರ್ಷವೂ ಮೊದಲ ಸಾಲಿನಲ್ಲೇ ಇದ್ದಳು. ಆಮೇಲೆ ಶಾಲೆಗೆ ವಿಜ್ಞಾನಕ್ಕೆ ಹೊಸ ಟೀಚರ್ ಬಂದರು. ಸಣ್ಣ ಮೈಕಟ್ಟು, ದೊಡ್ಡ ದನಿ. ಪುಸ್ತಕದ ಪ್ರಶ್ನೆಯನ್ನು ಪುಸ್ತಕದ ಹಾಗೇ ಕೇಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ವರ್ಷದ ಕೊನೆಯ ಪರೀಕ್ಷೆಯಲ್ಲಿ ಕೇಳಿದರು: ಟಾರ್ಚಿನ ಸೆಲ್ಲುಗಳು ಹೊಸವು, ಬಲ್ಬು ಚೆನ್ನಾಗಿದೆ, ಆದರೂ ಉರಿಯುತ್ತಿಲ್ಲ. ಎಲ್ಲೆಲ್ಲಿ ಹುಡುಕುತ್ತೀರಿ, ಯಾಕೆ?

ಗಿಳಿಗೆ ಬಲ್ಬು ಅನ್ನೋ ಪದ ಕಂಡಿತು. ಅಷ್ಟು ಸಾಕಾಯಿತು. 'ವಿದ್ಯುತ್ ಬಲ್ಬಿನ ರಚನೆ' ಅನ್ನೋ ಪಾಠವನ್ನು ಒಂದಕ್ಷರ ಬಿಡದೆ ಇಳಿಸಿದಳು. ಪುಸ್ತಕದಲ್ಲಿ ಆ ಪುಟದ ಕೆಳಗೆ 'ಮುಂದಿನ ಪುಟ ನೋಡಿ' ಅಂತ ಅಚ್ಚಾಗಿತ್ತು. ಅದನ್ನೂ ಬರೆದಳು. ಟೀಚರ್ ಪಾಪ ಪುಟ ತಿರುವಿ ನೋಡಿದರಂತೆ, ಅಲ್ಲಿ ಖಾಲಿ ಹಾಳೆಯ ಅಂಚುಗೆರೆ ಬಿಟ್ಟರೆ ಏನೂ ಇರಲಿಲ್ಲವಂತೆ.

ವಿಜ್ಞಾನದಲ್ಲಿ ಗಿಳಿ ಫೇಲಾದಳು. ಇಡೀ ಪ್ರಶ್ನೆಪತ್ರಿಕೆಯೇ ಹಾಗಿತ್ತು, ಇಡೀ ಉತ್ತರಪತ್ರಿಕೆಯೂ ಹೀಗೇ ಇತ್ತು. ರಜೆ ಮುಗಿದ ಮೇಲೆ ಮರುಪರೀಕ್ಷೆ, ಅದರಲ್ಲಿ ಗೆದ್ದರೆ ಮುಂದಿನ ತರಗತಿ. ಅಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಊಟದ ತಟ್ಟೆ ಮುಂದಿಟ್ಟುಕೊಂಡು ಮೆಲ್ಲಗೆ ಹೇಳಿದ:

"ಒಂದು ಪದ ತಪ್ಪಿಲ್ಲ, ನಾನೇ ನೋಡಿದೀನಿ. ಆದ್ರೂ ಫೇಲು ಅಂದ್ರೆ, ಓದು ನಮ್ಮಂಥವ್ರಿಗಲ್ಲ ಬಿಡು. ನಮ್ಮ ತಲೆಗೆ ಇಷ್ಟೇ ಅಂತ ಇರುತ್ತೆ."

ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಅವನ ಪರಿಚಯದವರಿದ್ದರು. ಮರುಪರೀಕ್ಷೆಯೂ ಕೈಕೊಟ್ಟರೆ ಅಲ್ಲಿ ಜಾಗ ಮಾಡಿಸಿಕೊಡುವುದು ಅಂತ ಮಾತಾಯಿತು. ಗಿಳಿಗೆ ಕಾರ್ಖಾನೆಯ ಭಯಕ್ಕಿಂತ ಆ 'ನಮ್ಮ ತಲೆಗೆ ಇಷ್ಟೇ' ಅನ್ನೋದೇ ಎದೆಗೆ ನಾಟಿತು. ಅವಳ ತಲೆಯ ಜೊತೆ ಅಪ್ಪ ತನ್ನದನ್ನೂ ಸೇರಿಸಿ ಮೂಲೆಗೆ ಎಸೆದಿದ್ದ.

ಅವಳ ಅಳು ನೋಡಲಾರದೆ ಅಮ್ಮ ತನ್ನ ತಂಗಿಗೆ ಹೇಳಿಕಳಿಸಿದಳು. ಈ ಚಿಕ್ಕಮ್ಮನದು ಒಂದು ರಿಪೇರಿ ಅಂಗಡಿ. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ. ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಇಕ್ಕಟ್ಟು ಕೋಣೆ, ಮೇಜಿನ ಮೇಲೆ ಬಿಚ್ಚಿದ ಮೋಟಾರುಗಳು, ಸುಟ್ಟ ತಂತಿಯ ವಾಸನೆ. ಗಂಡ ತೀರಿಕೊಂಡ ಮೇಲೆ ಅವನ ಉಪಕರಣಗಳನ್ನು ಮಾರಿಬಿಡು ಅಂದವರಿಗೆಲ್ಲ "ಮೊದ್ಲು ಅವು ಯಾವ್ಯಾವುದಕ್ಕೆ ಅಂತ ತಿಳ್ಕೋತೀನಿ, ಆಮೇಲೆ ಮಾರೋಣ" ಅಂದವಳು, ಕೊನೆಗೂ ಮಾರಲಿಲ್ಲ. ರಜೆ ಮುಗಿಯೋವರೆಗೂ ಹುಡುಗಿ ನನ್ನ ಅಂಗಡಿಗೆ ಬರಲಿ ಅಂದಳು.

ಮೊದಲ ದಿನ ಗಿಳಿ ಶ್ರದ್ಧೆಯಿಂದ ಕೂತು, "ಯಾವುದಕ್ಕೆ ಏನು ಅಂತ ಹೇಳಿಬಿಡು ಚಿಕ್ಕಮ್ಮ, ನಾನು ನೆನಪಿಟ್ಕೋತೀನಿ" ಅಂದಳು.

"ನೆನಪು ಯಾರಿಗೆ ಬೇಕಮ್ಮ? ಇಲ್ಲಿ ಒಂದೇ ನಿಯಮ. ಮೊದ್ಲು ಹೇಳು, ಆಮೇಲೆ ಬಿಚ್ಚು. ಇದಕ್ಕೇನಾಗಿದೆ, ಯಾಕೆ ಹಾಗನ್ಸುತ್ತೆ. ತಪ್ಪಿದ್ರೆ ಟೀ ತರೋಕೆ ನೀನು, ನಾನು ತಪ್ಪಿದ್ರೆ ನಾನು."

ಗೊತ್ತಿಲ್ಲದ್ದನ್ನು ಹೇಳುವುದು ಹೇಗೆ? ತಪ್ಪು ಅನ್ನೋದು ಗಿಳಿಯ ಪಾಲಿಗೆ 'ಮೊದಲಿಂದ' ಶುರುಮಾಡಬೇಕಾದ ಅವಮಾನ. ಚಿಕ್ಕಮ್ಮನೋ ಹಟಮಾರಿ, ಇವಳು ಬಾಯಿ ಬಿಡೋವರೆಗೂ ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ ಅಂತ ಕೂತಳು. ಗಿರಾಕಿ ಬಂದು ಫ್ಯಾನ್ ಆಯ್ತಾ ಅಂದರೆ, "ನಮ್ಮ ಹುಡುಗಿ ಇನ್ನೂ ಯೋಚನೆ ಮಾಡ್ತಿದಾಳೆ, ನಾಳೆ ಬನ್ನಿ" ಅಂತ ಕಳಿಸಿಯೇಬಿಟ್ಟಳು.

ಒಂದು ಫ್ಯಾನು ಬಂತು. ಗುಂಯ್ ಅನ್ನುತ್ತೆ, ತಿರುಗಲ್ಲ. ಕೈಯಲ್ಲಿ ಮೆಲ್ಲಗೆ ತಿರುಗಿಸಿಬಿಟ್ಟರೆ ಓಡುತ್ತೆ. ಫ್ಯಾನಿಗೆ ಮೊದಲ ತಳ್ಳು ಕೊಡೋ ಕೆಪಾಸಿಟರ್ ಹೋಗಿದೆ ಅಂತ ಚಿಕ್ಕಮ್ಮ ಹೇಳಿ, ಬದಲಾಯಿಸಿ ತೋರಿಸಿದಳು. ಮಾರನೇ ದಿನ ಇನ್ನೊಂದು ಫ್ಯಾನು ಗುಂಯ್ ಅಂದಾಗ ಗಿಳಿ ಉತ್ಸಾಹದಿಂದ "ಕೆಪಾಸಿಟರ್!" ಅಂದಳು. ಬಿಚ್ಚಿದರೆ ಕೆಪಾಸಿಟರ್ ಗಟ್ಟಿಮುಟ್ಟಾಗಿದೆ. ಒಣಗಿದ ಎಣ್ಣೆ, ಕೂದಲು, ಧೂಳು ಸೇರಿ ರೆಕ್ಕೆ ತಿರುಗಿಸೋ ದಂಡವೇ ಕಚ್ಚಿಕೊಂಡಿದೆ.

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ಳಂತೆ," ಚಿಕ್ಕಮ್ಮ ನಕ್ಕಳು. "ಪುಸ್ತಕ ಬಿಟ್ಟು ಫ್ಯಾನ್ ಬಾಯಿಪಾಠ ಮಾಡ್ತಿದೀಯಲ್ಲೇ. ಗುಂಯ್ ಅಂತು, ಸರಿ. ಕೈಯಲ್ಲಿ ತಿರುಗಿಸಿ ನೋಡಿದ್ಯಾ? ಸಲೀಸಾಗಿ ತಿರುಗಿದ್ರೆ ಒಂದು ಕಥೆ, ಬಿಗಿಯಾಗಿದ್ರೆ ಇನ್ನೊಂದು ಕಥೆ. ಹೋಗು, ಟೀ ತಗೊಂಡು ಬಾ."

ಅವತ್ತು ಟೀ ಹಿಡಿದು ಬರುವಾಗ ಗಿಳಿಗೆ ಏನೋ ತೆರೆದ ಹಾಗಾಯಿತು. ನಾನು ಹೇಳಿದ್ದು ನಿಜವಾಗಿದ್ದರೆ ಇನ್ನೇನೇನು ಕಾಣಬೇಕಿತ್ತು? ಈ ಪ್ರಶ್ನೆಯನ್ನು ಅವಳು ಅಲ್ಲಿಯವರೆಗೆ ಯಾವ ವಾಕ್ಯಕ್ಕೂ ಕೇಳಿರಲಿಲ್ಲ. ಕೇಳಲು ಶುರುಮಾಡಿದಳು. ತಪ್ಪಿದಳು, ಟೀ ತಂದಳು, ಮತ್ತೆ ತಪ್ಪಿದಳು. ಟೀ ಅಂಗಡಿಯವನು "ಇವತ್ತೂ ನೀನೇನಾ?" ಅಂತ ಕೇಳುವಷ್ಟು ಸಲೀಸಾಗಿ ತಪ್ಪಿದಳು. ತಪ್ಪಿದರೂ ತಲೆ ಮೇಲೆ ಆಕಾಶ ಬೀಳಲ್ಲ, ಒಂದು ಲೋಟ ಟೀ ಕುಡಿದು ಮುಂದಿನದಕ್ಕೆ ಕೈ ಹಾಕಬಹುದು ಅನ್ನೋದು ಅವಳಿಗೆ ಅಲ್ಲೇ ಗೊತ್ತಾಗಿದ್ದು.

ಒಂದು ಇಸ್ತ್ರಿಪೆಟ್ಟಿಗೆ ಬಂತು, ಬಿಸಿಯಾಗದ್ದು. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ "ಒಳಗಿನ ಕಾಯಿಲ್ ಸುಟ್ಟಿದೆ" ಅಂದಳು. ಗಿಳಿ ಪ್ಲಗ್ ಹಾಕಿ ವೈರನ್ನು ಅತ್ತಿತ್ತ ಬಗ್ಗಿಸಿದಳು. ಒಂದು ಕಡೆ ಬಗ್ಗಿಸಿದಾಗ ಕೆಂಪು ದೀಪ ಮಿಣಕ್ ಅಂದು ಆರಿತು. "ಕಾಯಿಲ್ ಅಲ್ಲ ಚಿಕ್ಕಮ್ಮ. ಹಾಗಿದ್ರೆ ವೈರ್ ಬಗ್ಗಿಸಿದಾಗ ದೀಪ ಯಾಕೆ ಹತ್ತಿ ಆರಬೇಕು? ಇಲ್ಲೇ ಒಳಗೆ ತುಂಡಾಗಿದೆ," ಅಂದಳು. ಬಿಚ್ಚಿ ನೋಡಿದರೆ ಹಾಗೇ ಇತ್ತು. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಟೀ ತರಲು ಹೋದಳು. ಔಷಧಿ ಅಂಗಡಿಯವರಿಗೆ, ಚಪ್ಪಲಿ ಅಂಗಡಿಯವರಿಗೆ ಎಲ್ಲರಿಗೂ "ನಾನು ಸೋತೆ" ಅಂತ ಹೇಳಿಕೊಂಡೇ ಹೋದಳು, ಲಾಟರಿ ಹೊಡೆದವಳ ಹಾಗೆ.

ಆ ವೈರೇ ಗಿಳಿಯನ್ನು ಶಾಲೆಗೂ ಎಳೆದುಕೊಂಡು ಹೋಯಿತು. ಒಳಗೆ ಎರಡು ತಂತಿ. ತುಂಡಾದದ್ದು ಒಂದೇ. ಇನ್ನೊಂದು ಚೆನ್ನಾಗೇ ಇದ್ದರೂ ಪೆಟ್ಟಿಗೆ ಯಾಕೆ ಬಿಸಿಯಾಗಲಿಲ್ಲ? ಚಿಕ್ಕಮ್ಮ "ಹೋಗಿ ಬರೋ ದಾರಿ ಎರಡೂ ಬೇಕು ಕಣೆ, ಯಾಕೆ ಅಂತ ನಂಗೂ ನೆಟ್ಟಗೆ ಹೇಳಕ್ಕೆ ಬರಲ್ಲ, ನಿಮ್ಮ ಟೀಚರನ್ನೇ ಕೇಳು" ಅಂದಳು. ಗಿಳಿ ಅಳುಕುತ್ತಲೇ ಹೋಗಿ ಕೇಳಿದಳು. ರಜೆಯಲ್ಲಿ ಪ್ರಯೋಗಶಾಲೆಯ ಕಪಾಟು ಜೋಡಿಸುತ್ತಿದ್ದ ಟೀಚರ್ ಕೈಲಿದ್ದದ್ದನ್ನು ಕೆಳಗಿಟ್ಟರು.

"ವರ್ಷವಿಡೀ ನೀನು ನನಗೆ ಉತ್ತರ ಕೊಟ್ಟೆ. ಪ್ರಶ್ನೆ ಕೊಟ್ಟದ್ದು ಇವತ್ತೇ," ಅಂದರು. ಸೆಲ್ಲು, ತಂತಿ, ಪುಟ್ಟ ಬಲ್ಬು ಕೈಗಿಟ್ಟರು. "ನೀನೇ ಮಾಡಿ ನೋಡು. ಆದರೆ ಏನಾಗುತ್ತೆ ಅಂತ ಮೊದಲೇ ಹೇಳಬೇಕು."

ಗಿಳಿಗೆ ನಗು ತಡೆಯಲಾಗಲಿಲ್ಲ. ಯಾಕೆ ಅಂತ ಹೇಳಿದ ಮೇಲೆ ಟೀಚರೂ ನಕ್ಕರು. ಅಲ್ಲಿಂದ ಓದುವ ರೀತಿಯೇ ಬದಲಾಯಿತು. ಪಾಠ ತೆರೆಯುವ ಮೊದಲು ಇದರಲ್ಲೇನಿರಬಹುದು ಅಂತ ತನಗೆ ತಾನೇ ಹೇಳಿಕೊಳ್ಳುವುದು, ಓದಿ ಮುಚ್ಚಿಟ್ಟು ಸ್ವಂತ ಮಾತಲ್ಲಿ ಚಿಕ್ಕಮ್ಮನಿಗೆ ವಿವರಿಸುವುದು. ಚಿಕ್ಕಮ್ಮ "ಹಾಗಂದ್ರೆ?" ಅಂತ ಅಡ್ಡಹಾಕಿದಲ್ಲೆಲ್ಲ ತನಗೂ ಅದು ತಿಳಿದಿಲ್ಲ ಅಂತ ಗೊತ್ತಾಗುತ್ತಿತ್ತು.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಅಪ್ಪನ ವಾರದ ರಜೆ ಬಂತು. ಮರುಪರೀಕ್ಷೆ ಹತ್ತಿರವಾಗಿತ್ತು. ಅವನು ಗೋಡೆಗೊರಗಿ ಕೂತು ಪುಸ್ತಕ ಬಿಡಿಸಿದ. ಗಿಳಿ ತನ್ನದೇ ಮಾತಲ್ಲಿ ಹೇಳತೊಡಗಿದಳು. ಬೆರಳು ಮೊದಲ ಸಾಲಲ್ಲೇ ನಿಂತುಬಿಟ್ಟಿತು.

"ಹಾಗಿಲ್ಲ ಇಲ್ಲಿ. 'ಆದುದರಿಂದ' ಅಂತಿದೆ. ಮೊದಲಿಂದ."

"ಅರ್ಥ ಅದೇ ಅಪ್ಪ."

"ಅರ್ಥ ಯಾರು ಕೇಳಿದ್ರು? ಬರೆದಿರೋದು ಹೇಳು."

ಅಮ್ಮ ಒಳಗಿಂದ "ಅಳಿಯ ಅಂದ್ರೇನು, ಮಗಳ ಗಂಡ ಅಂದ್ರೇನು" ಅಂದಳು. ಅದು ಉರಿಯೋ ಬೆಂಕಿಗೆ ಎಣ್ಣೆಯಾಯಿತು. ಅಪ್ಪ ಪುಸ್ತಕ ಪಕ್ಕಕ್ಕಿಟ್ಟ. "ಬಾಯಿಗೆ ಬರ್ತಿದ್ದದ್ದೂ ಹೋಯ್ತು. ನಿನ್ನ ತಂಗಿ ಅಂಗಡಿಗೆ ಕಳಿಸಿದ್ದೇ ತಪ್ಪು. ಪರೀಕ್ಷೆನೂ ಬೇಡ, ಇನ್ನೊಂದ್ಸಲ ಮುಖಭಂಗನೂ ಬೇಡ. ನಾಳೆನೇ ಕಾರ್ಖಾನೆಗೆ ಮಾತಾಡ್ತೀನಿ." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ. ಒಮ್ಮೆ ಅಂದರೆ ಮುಗಿಯಿತು.

ಗಿಳಿ ಪುಸ್ತಕ ಮುಚ್ಚಿಟ್ಟು ಹೇಳಿದಳು, "ಪುಸ್ತಕದಲ್ಲಿ ಇಲ್ಲದ್ದು ಏನಾದ್ರೂ ಕೇಳಪ್ಪ."

"ನಾನೇನು ಕೇಳ್ಲಿ? ನಂಗೇನು ಗೊತ್ತು?"

"ನಿಂಗೆ ಯಾವತ್ತೂ ಏನೂ ಯಾಕೆ ಅಂತ ಅನ್ಸಿಲ್ವಾ?"

ಹೇಳಿದರೆ ನಗುತ್ತಾರೇನೋ ಅನ್ನುವ ದನಿಯಲ್ಲಿ ಅಪ್ಪ ಕೇಳಿದ: "ಬಸ್ಸಲ್ಲಿ... ರಸ್ತೆ ಉಬ್ಬು ಬಂದಾಗ ಹಿಂದಿನ ಸೀಟವ್ರು ಮಾತ್ರ ಯಾಕೆ ಹಾಗೆ ಎಗರಿ ಬೀಳ್ತಾರೆ? ಚಕ್ರದ ಮೇಲೇ ಕೂತವ್ರೂ ಅಷ್ಟು ಎಗರಲ್ಲ."

"ಗೊತ್ತಿಲ್ಲಪ್ಪ," ಅಂದಳು ಗಿಳಿ. "ನಿಂಗೇನನ್ಸುತ್ತೆ?"

ಇದನ್ನು ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಮನುಷ್ಯನಿಗೆ ಜನ ಬಸ್ಸು ಎಲ್ಲಿಗೆ ಅಂತ ಕೇಳಿದ್ದರು, ಚಿಲ್ಲರೆ ಎಲ್ಲಿ ಅಂತ ಕೇಳಿದ್ದರು, ಯಾಕೆ ತಡ ಅಂತ ಜಗಳ ತೆಗೆದಿದ್ದರು. ನಿನಗೇನನಿಸುತ್ತೆ ಅಂತ ಯಾರೂ ಕೇಳಿರಲಿಲ್ಲ. ಅವನು ಕಾಲು ಮಡಚಿ ನೆಟ್ಟಗೆ ಕೂತ.

"ಹಿಂದಿನ ಸೀಟಿನ ಸ್ಪ್ರಿಂಗ್ ಹಾಳಾಗಿರುತ್ತೆ, ಅದಕ್ಕೇ."

"ಹಾಗಾದ್ರೆ ಹೊಸ ಬಸ್ಸಲ್ಲಿ?"

"ಹೊಸದ್ರಲ್ಲೂ ಎಗರ್ತಾರೆ..." ತಲೆ ಅಲ್ಲಾಡಿಸಿದ. "ಅಲ್ಲ. ಸ್ಪ್ರಿಂಗ್ ಅಲ್ಲ." ತಪ್ಪಿತು ಅಂತ ಅವನಿಗೆ ಬೇಸರವೇ ಆಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಟ್ರೇ ಥರದ ಉದ್ದನೆಯ ತಟ್ಟೆ, ಲಟ್ಟಣಿಗೆ ತಂದ. ಇದೇ ಬಸ್ಸು ಅಂತ ತಟ್ಟೆಯನ್ನು ನೆಲದ ಮೇಲಿಟ್ಟು, ಹಿಂದಿನ ಚಕ್ರ ಇರುವ ಜಾಗಕ್ಕೆ ಲಟ್ಟಣಿಗೆ ತೂರಿಸಿದ. ಮುಂದಿನ ತುದಿ ನೆಲಕ್ಕೇ ಅಂಟಿಕೊಂಡಿತ್ತು. ಚಕ್ರದ ಜಾಗ ಲಟ್ಟಣಿಗೆಯಷ್ಟು ಎದ್ದಿತು. ಅದರಾಚೆ ಚಾಚಿಕೊಂಡ ಬಾಲ ಅದಕ್ಕಿಂತ ಮೇಲೆದ್ದು ನಿಂತಿತು.

ಅಪ್ಪ ನೆಲಕ್ಕೆ ಕೆನ್ನೆ ಹಚ್ಚಿ, ಅಡ್ಡಲಾಗಿ ನೋಡಿದ. "ಚಕ್ರ ಎದ್ದಷ್ಟೇ ಅಲ್ಲ ಕಣೆ. ಹಿಂದೆ ಕೂತವ್ನು ಚಕ್ರಕ್ಕಿಂತ ಎತ್ತರಕ್ಕೆ ಹೋಗ್ತಾನೆ. ಮುಂದೆ ಮುಂದೆ ಬಂದಷ್ಟೂ ಕಮ್ಮಿ." ಎದ್ದು ಕೂತಾಗ ಕೆನ್ನೆಗೆ ಧೂಳು ಮೆತ್ತಿತ್ತು. ಕಣ್ಣು ಒದ್ದೆಯಾಗಿತ್ತು, ಮುಚ್ಚಿಡಲೂ ಇಲ್ಲ. ಹೆಂಡತಿಯ ಕಡೆ ತಿರುಗಿ, "ನಾನೇ ಕಂಡುಹಿಡಿದೆ" ಅಂದ.

ಮಾರನೇ ದಿನ ಅವನು ಕಾರ್ಖಾನೆಯ ಮಾತೇ ಎತ್ತಲಿಲ್ಲ.

ಮರುಪರೀಕ್ಷೆ ಮುಗಿಯಿತು. ಗಿಳಿ ಪಾಸಾದಳು. ಅಂಕ ಹೇಳಿಕೊಂಡು ಮೆರೆಯುವಷ್ಟೇನೂ ಇರಲಿಲ್ಲ, ಆದರೆ ಒಂದೊಂದೂ ಅವಳ ಸ್ವಂತದ್ದು. ಈಗ ಅವಳಿಗೆ ಕೂದಲು ನರೆತಿದೆ. ತರಬೇತಿ ಕೇಂದ್ರವೊಂದರಲ್ಲಿ ಮೋಟಾರು ಕೆಲಸ ಕಲಿಸುತ್ತಾಳೆ. ಚಿಕ್ಕಮ್ಮನ ಋಣ, ಟೀಚರ್ ಋಣ ಈ ಜನ್ಮಕ್ಕೆ ತೀರಲ್ಲ ಅಂತ ಬಾಯಿ ತುಂಬ ಹೇಳುತ್ತಾಳೆ. ಆದರೆ ಮಾತು ನಿಂತು ಕಣ್ಣು ತುಂಬಿಕೊಳ್ಳುವುದು ಫಲಿತಾಂಶ ಬಂದ ಸಂಜೆಯನ್ನು ನೆನೆದಾಗ.

ಅವತ್ತು ಅಪ್ಪ ಡ್ಯೂಟಿಯಿಂದ ಬಂದು, ಉತ್ತರಪತ್ರಿಕೆಯನ್ನು ಕೈಗೆ ತೆಗೆದುಕೊಂಡ. ಸರಿ ಗುರುತುಗಳ ಮೇಲೆ ಕಣ್ಣೋಡಿಸಿ, ಟೀಚರ್ ಅಡ್ಡಗೆರೆ ಎಳೆದಿದ್ದ ಒಂದು ಉತ್ತರದ ಹತ್ತಿರ ನಿಂತ. ಅವನು ಮಗಳ ಎದುರಿಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತು, ಹಾಳೆಯನ್ನು ಅವಳ ಕಡೆ ತಿರುಗಿಸಿಟ್ಟ.

"ಇದು ಯಾಕೆ ತಪ್ಪಾಯ್ತು ಅಂತ ನಂಗೂ ಹೇಳ್ಕೊಡು," ಅಂದ. "ನಿಧಾನಕ್ಕೆ ಹೇಳು ಮಗಳೆ, ನಂಗೆ ಅಭ್ಯಾಸ ಇಲ್ಲ."

ಗಿಳಿ ಹೇಳಿಕೊಡಲು ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ಅಮ್ಮನೂ ಒಲೆ ಆರಿಸಿ ಬಂದು ಅವರ ಪಕ್ಕ ಕೂತಳು.